ಕೆಲಸಗಾರರ ಸುರಕ್ಷತೆ, ಆರೋಗ್ಯ: ಸಣ್ಣ ಕಾರ್ಖಾನೆಯ ಮಾಲೀಕರು ಎಲ್ಲಿಂದ ಶುರು ಮಾಡಬೇಕು?

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಸಣ್ಣ ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ), ಮಷಿನ್ ಶಾಪ್ ನಡೆಸುವವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ನಮ್ಮಲ್ಲಿ ಇಪ್ಪತ್ತೈದು ಮಂದಿ ಅದಾರ್ರಿ. ಹೆಲ್ಮೆಟ್ ಕೊಟ್ಟೀವಿ, ಗ್ಲೌಸ್ ಕೊಟ್ಟೀವಿ. ಯಾರೂ ಹಾಕ್ಕೊಳ್ಳೂದಿಲ್ಲ. ಇನ್ನೇನ್ ಮಾಡೂದ್ರಿ?" ಬಾಗಲಕೋಟೆ, ವಿಜಯಪುರದವರ ಪ್ರಶ್ನೆಯೂ ಇದೇ. ಅಲ್ಲಿ ಫೌಂಡ್ರಿ ಬದಲು ಪವರ್‌ಲೂಮ್ ಶೆಡ್ಡೋ ಗೋದಾಮೋ ಇರುತ್ತದೆ, ಅಷ್ಟೇ.

ಹೆಲ್ಮೆಟ್‌ನಿಂದ ಶುರು ಮಾಡಿದ್ದೇ ಇಲ್ಲಿ ತೊಂದರೆ. ಈ ಲೇಖನದಲ್ಲಿ ಹೆಲ್ಮೆಟ್ ಬರುವುದು ಐದನೇ ಹಂತದಲ್ಲಿ. ಅದಕ್ಕೂ ಮೊದಲು ಮಾಲೀಕರೇ ಮಾಡಬೇಕಾದ ಕೆಲಸಗಳಿವೆ. ಅವುಗಳಲ್ಲಿ ದೊಡ್ಡದು ಪಗಾರದ ಲೆಕ್ಕ ಸರಿಮಾಡುವುದು. ಟನ್ನಿಗಿಷ್ಟು, ಪೀಸಿಗಿಷ್ಟು ಅಂತ ದುಡ್ಡು ಕೊಟ್ಟು, ಆಮೇಲೆ "ನಿಧಾನವಾಗಿ, ಹುಷಾರಾಗಿ ಮಾಡಿ" ಅಂದರೆ ಯಾರು ಕೇಳುತ್ತಾರೆ ಹೇಳಿ.

ಉದಾಹರಣೆಗಳನ್ನು ಜಾಸ್ತಿ ಫೌಂಡ್ರಿಯಿಂದಲೇ ತೆಗೆದುಕೊಂಡಿದ್ದೇನೆ. ಬೇರೆ ಕಸುಬಿನವರು ಅದೇ ಕ್ರಮವನ್ನು ನಿಮ್ಮ ಶೆಡ್ಡಿಗೆ ಹೊಂದಿಸಿಕೊಳ್ಳಿ.

ಮೊದಲು ಬೇಕಾದ್ದು

ಒಂದು ದಪ್ಪ ನೋಟ್‌ಬುಕ್, ಫೋನಿನ ಕ್ಯಾಮೆರಾ, ನಾಲ್ಕಾರು ಒಳ್ಳೆಯ ಬೀಗ, ಒಂದು ಡಬ್ಬಿ ಹಳದಿ ಬಣ್ಣ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಇವೆಲ್ಲಕ್ಕಿಂತ ಮುಖ್ಯವಾಗಿ ವಾರಕ್ಕೆ ಅರ್ಧ ತಾಸು ನಿಮ್ಮದೇ ಸಮಯ. ಸೂಪರ್‌ವೈಸರ್‌ಗೆ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ. ಸಾವ್ಕಾರ್ರು ಯಾವುದನ್ನು ಕಣ್ಣಾರೆ ನೋಡುತ್ತಾರೋ ಅದೇ ಮುಖ್ಯ ಅಂತ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಕಾನೂನಿನ ಮಾತು ಚುಟುಕಾಗಿ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ, ಕರೆಂಟಿನಿಂದ ಕೆಲಸ ನಡೆಯುವ ಕಡೆ 10 ಜನರಿದ್ದರೆ ಅದು ಕಾರ್ಖಾನೆ ಆಗಿತ್ತು. 2020ರಲ್ಲಿ ಮಾಡಿದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಈ ಮಿತಿ 20 ಜನ. "ಹಾಗಾದ್ರೆ ನಮ್ಮ ಹತ್ತೊಂಬತ್ತು ಜನಕ್ಕೆ ಏನೂ ಅನ್ವಯಿಸಲ್ಲ ಅಲ್ವಾ?" ಅಂತ ಖುಷಿಪಡಬೇಡಿ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, 10 ಜನಕ್ಕೇ ಅನ್ವಯಿಸುತ್ತದೆ. ಮತ್ತೆ, ಕಾದ ಕಬ್ಬಿಣ ತಲೆ ಎಣಿಸಿ ಸುಡುವುದಿಲ್ಲ.

1. ಶೆಡ್ ಸುತ್ತಿ ಬನ್ನಿ, ಒಬ್ಬರೇ ಬೇಡ

ಮೊದಲ ವಾರ ಏನೂ ಕೊಳ್ಳಬೇಡಿ, ಬೋರ್ಡೂ ಬರೆಸಬೇಡಿ. ಆ ಕೆಲಸ ಮಾಡುವವರನ್ನೇ ಜೊತೆಗೆ ಕರೆದುಕೊಂಡು ಒಂದೊಂದೇ ಜಾಗಕ್ಕೆ ಹೋಗಿ. ಎರಡೇ ಪ್ರಶ್ನೆ ಕೇಳಿ. "ಇಲ್ಲಿ ನಿಮಗೆ ಯಾವುದರ ಅಂಜಿಕೆ ಐತಿ?" "ಇಲ್ಲಿ ಸ್ವಲ್ಪದರಲ್ಲಿ ಪಾರಾಗಿದ್ದು ಯಾವಾಗ?" ಎರಡನೆಯ ಪ್ರಶ್ನೆಗೆ ಬರುವ ಉತ್ತರ ಬಂಗಾರದಂಥದ್ದು. ಭಾರ ಎತ್ತುವ ಚೈನ್ ಬ್ಲಾಕ್ ಜಾರಿತ್ತು, ಚಕ್ರ ಒಡೆದು ಗೋಡೆಗೆ ಬಡಿದಿತ್ತು, ಸ್ವಿಚ್ ಮುಟ್ಟಿದರೆ ಜುಮ್ ಅನ್ನುತ್ತೆ. ಮುಂದಿನ ಅಪಘಾತ ಬಹುತೇಕ ಈ ಪಟ್ಟಿಯಿಂದಲೇ ಬರುತ್ತದೆ.

ಯಾವ ಹೊತ್ತಿಗೆ ಹೋಗುತ್ತೀರಿ ಅನ್ನುವುದೂ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಲೋಹ ಎರೆಯುವಾಗ, ಶಿಫ್ಟ್ ಬದಲಾಗುವಾಗ, ಮಷಿನ್ ಸ್ವಚ್ಛ ಮಾಡುವಾಗ, ರಾತ್ರಿ ಪಾಳಿಯ ಕೊನೆಯ ಎರಡು ತಾಸಿನಲ್ಲಿ ಹೋಗಿ.

ಎಚ್ಚರಿಕೆ: ಸುತ್ತುವಾಗ "ಯಾಕೆ ಹಿಂಗ್ ಮಾಡ್ತಿ?" ಅಂತ ಯಾರನ್ನಾದರೂ ಗದರಿದಿರೋ, ಪಟ್ಟಿ ಅಲ್ಲಿಗೇ ಮುಗಿಯಿತು. ಗುತ್ತಿಗೆದಾರನ ಎದುರಿಗೂ ಕೇಳಬೇಡಿ. ಅವನ ಕೈಯಿಂದ ಉಚಲು, ಅಂದರೆ ಮುಂಗಡ, ಪಡೆದವರು ಅವನ ಮುಂದೆ ಬಾಯಿ ಬಿಡುವುದಿಲ್ಲ.

2. ಜೀವ ತೆಗೆಯುವಂಥದ್ದನ್ನು ಮೊದಲು ಸರಿಮಾಡಿ

ಪಟ್ಟಿ ಉದ್ದ ಇರುತ್ತದೆ. ಕೈ ತರಚುವುದು, ಜೀವ ಹೋಗುವುದು ಎರಡೂ ಒಂದೇ ಪುಟದಲ್ಲಿರುತ್ತವೆ. ಜೀವ ಹೋಗುವುದಕ್ಕೆ ಕೆಂಪು ಗುರುತು ಹಾಕಿ. ಈ ವಾರ ಕೆಲಸ ಅವುಗಳ ಮೇಲೆ ಮಾತ್ರ.

ಫೌಂಡ್ರಿಯಲ್ಲಿ ಮೊದಲ ಶತ್ರು ನೀರು. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕರಗಿದ ಕಬ್ಬಿಣದ ಕೆಳಗೆ ಒಂದು ಲೋಟ ನೀರು ಸಿಕ್ಕಿಹಾಕಿಕೊಂಡರೂ ಸಾಕು, ಲೋಹ ಛಾವಣಿಯವರೆಗೆ ಸಿಡಿಯುತ್ತದೆ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಬಿದ್ದ ಸ್ಕ್ರ್ಯಾಪ್ ಒಣಗುವುದೇ ಇಲ್ಲ. ಹೀಗಾಗಿ ಮೇ ತಿಂಗಳಲ್ಲೇ ಮಾಡಬೇಕಾದ ಕೆಲಸಗಳಿವೆ. ಸ್ಕ್ರ್ಯಾಪಿಗೆ ತಗಡಿನ ಮಾಡು ಹಾಕಿ. ಫರ್ನೇಸ್, ಅಂದರೆ ಲೋಹ ಕರಗಿಸುವ ಕುಲುಮೆ, ಅದರ ಮೇಲಿನ ತಗಡು ಸೋರುತ್ತದೆಯೇ ಅಂತ ಪೈಪಿನಿಂದ ನೀರು ಬಿಟ್ಟು ನೋಡಿ, ಫರ್ನೇಸ್ ಆರಿ ತಣ್ಣಗಾಗಿರುವ ದಿನ ಮಾತ್ರ. ಎರಡೂ ಕಡೆ ಬಾಯಿ ಮುಚ್ಚಿದ ಪೈಪ್, ಶಾಕ್ ಅಬ್ಸಾರ್ಬರ್, ಡಬ್ಬಿಗಳನ್ನು ಬೇರೆ ಮಾಡಿ ಕತ್ತರಿಸಿಯೇ ಹಾಕಬೇಕು. ಒಳಗೆ ನೀರೋ ಎಣ್ಣೆಯೋ ಇದ್ದರೆ ಅದು ಬಾಂಬೇ. ಲ್ಯಾಡಲ್ ಅನ್ನು, ಅಂದರೆ ಲೋಹ ಹೊರುವ ಬುಟ್ಟಿಯನ್ನು, ಒಳಪದರ ಪೂರ್ತಿ ಒಣಗುವವರೆಗೆ ಕಾಯಿಸಿ. ಕಿಟ್ಟ ತೆಗೆಯುವ ಸಲಾಕೆಯನ್ನೂ ಬಿಸಿ ಮಾಡಿಯೇ ಅದ್ದಬೇಕು. ಎರೆಯುವ ಜಾಗದಲ್ಲಿ ಬರೀ ಸಿಮೆಂಟ್ ನೆಲ ಬೇಡ, ಕಾಂಕ್ರೀಟಿನೊಳಗಿನ ತೇವಕ್ಕೇ ಅದು ಸಿಡಿಯುತ್ತದೆ. ಮೇಲೆ ಒಣ ಉಸುಕು ಹಾಸಿ. ಇಂಡಕ್ಷನ್ ಫರ್ನೇಸಿನ ಕೆಳಗಿನ ಗುಂಡಿ ಯಾವಾಗಲೂ ಖಾಲಿ, ಒಣ ಇರಬೇಕು. ಒಳಪದರ ತೂತಾದರೆ ಅಷ್ಟೂ ಲೋಹ ಅಲ್ಲಿಗೇ ಇಳಿಯುವುದು. ಎಷ್ಟೋ ಕಡೆ ಆ ಗುಂಡಿ ಹಳೆ ಚೀಲ ಎಸೆಯುವ ಜಾಗವಾಗಿರುತ್ತದೆ.

ತಿರುಗುವ ಮಷಿನ್ ಹತ್ತಿರ ಗ್ಲೌಸ್ ಬೇಡ. ಹೌದು, ಸರಿಯಾಗಿಯೇ ಓದಿದಿರಿ. ಲೇತ್, ಡ್ರಿಲ್ ಮುಂದೆ ಗ್ಲೌಸ್ ಹಾಕಿದರೆ ಬಟ್ಟೆಯ ತುದಿ ಸಿಕ್ಕಿ ಕೈಯನ್ನೇ ಒಳಗೆಳೆಯುತ್ತದೆ. ಕೊರಳಿನ ಟವೆಲ್, ಸಡಿಲ ತೋಳು, ಓಢಣಿ, ಕೈಗೆ ಕಟ್ಟಿದ ದಾರ ಇವೂ ಅಪಾಯವೇ. "ಎಲ್ಲರಿಗೂ ಎಲ್ಲ ಕಡೆಗೂ ಗ್ಲೌಸ್ ಕಡ್ಡಾಯ" ಅಂತ ಬೋರ್ಡ್ ಹಾಕಿದ್ದರೆ ಇವತ್ತೇ ತೆಗೆಸಿ.

ರಿಪೇರಿಗೆ ಬೀಗ-ಚೀಟಿ ಪದ್ಧತಿ ತನ್ನಿ. ಮಷಿನ್ ಒಳಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಹೆಸರಿನ ಚೀಟಿ ತೂಗುಹಾಕುವುದು. ಬೀಗದ ಕೈ ರಿಪೇರಿ ಮಾಡುವ ಫಿಟ್ಟರ್‌ನ ಜೇಬಿನಲ್ಲೇ ಇರಬೇಕು, ಆಫೀಸಿನ ಗೂಟದಲ್ಲಲ್ಲ. ಕರೆಂಟ್ ಹೋದಾಗ ಮಷಿನ್ ಒಳಗೆ ಕೈ ಹಾಕಿ, ಕರೆಂಟ್ ತಟ್ಟನೆ ಬಂದು ಬೆರಳು ಕಳೆದುಕೊಳ್ಳುವುದು ನಮ್ಮ ಕಡೆಯ ಹಳೆಯ ಕತೆ. ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಮೈಯಲ್ಲಿ ಹರಿದು ನೆಲಕ್ಕೆ ಇಳಿಯತೊಡಗಿದ ಕೂಡಲೇ ಅದನ್ನು ಕಡಿದುಹಾಕುವ ಸ್ವಿಚ್ ಇದು.

ಗೋದಾಮಿನವರಿಗೆ: 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಗೋವಿನಜೋಳದ ರಾಶಿಯಡಿ ಸಿಕ್ಕಿ ಬಿಹಾರದಿಂದ ಬಂದಿದ್ದ ಏಳು ಕಾರ್ಮಿಕರು ಸತ್ತರು. ಕಾಳಿನ ರಾಶಿ ನೋಡಲು ಗಟ್ಟಿ ಅನಿಸಿದರೂ ಜಾರಿದರೆ ಎದೆಮಟ್ಟ ಹೂತವರನ್ನೂ ಕೈಯಿಂದ ಎಳೆಯಲು ಆಗುವುದಿಲ್ಲ. ಚೀಲಗಳನ್ನು ಗೋಡೆಯಂತೆ ನೇರ ಎತ್ತರಿಸಬೇಡಿ, ಮೇಲೆ ಹೋದಂತೆ ಒಳಕ್ಕೆ ಸರಿಸಿ ಜೋಡಿಸಿ. ಕೆಳಗಿನಿಂದ ಚೀಲ ಎಳೆಯುವುದನ್ನು ಪೂರ್ತಿ ನಿಲ್ಲಿಸಿ.

ಟ್ಯಾಂಕ್, ಗುಂಡಿ ಇರುವವರಿಗೆ ಒಂದೇ ಮಾತು. ಒಳಗೆ ಬಿದ್ದವನನ್ನು ಎತ್ತಲು ಹಾಗೇ ಇಳಿದ ಎರಡನೆಯವನೂ ಸಾಯುತ್ತಾನೆ. ಗಾಳಿ ಪರೀಕ್ಷೆ, ಸೊಂಟದ ಹಗ್ಗ, ಮೇಲೆ ಕಾಯುವವನು, ಈ ಮೂರೂ ಇಲ್ಲದೆ ಯಾರೂ ಇಳಿಯಕೂಡದು.

3. ಪಗಾರದ ಲೆಕ್ಕ ತಿದ್ದಿ

ಇದನ್ನು ಓದುವಾಗ ಹಲವರಿಗೆ ಸಿಟ್ಟು ಬರುತ್ತದೆ, ಗೊತ್ತು. ಆದರೂ ಹೇಳುತ್ತೇನೆ.

ಫರ್ನೇಸ್ ತಂಡಕ್ಕೆ ಟನ್ ಲೆಕ್ಕದಲ್ಲಿ ದುಡ್ಡು ಅಂದುಕೊಳ್ಳಿ. ಸ್ಕ್ರ್ಯಾಪ್ ಹಸಿ ಇದೆ. ಒಣಗಿಸಲು ಒಂದು ತಾಸು ಬೇಕು. ಆ ಒಂದು ತಾಸಿನ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ? ಕೆಲಸಗಾರರ ಜೇಬಿನಿಂದ. ಹಾಗಾಗಿ ಅವರು "ನಡೀತೈತಿ ಬಿಡ್ರಿ" ಅಂತ ಹಸಿಯದನ್ನೇ ಹಾಕುತ್ತಾರೆ. ಇದನ್ನು ಅವರ ಅಜ್ಞಾನ ಅನ್ನಬೇಡಿ. ನೀವು ಹಾಕಿಕೊಟ್ಟ ಲೆಕ್ಕಕ್ಕೆ ಅವರು ಸರಿಯಾಗಿಯೇ ನಡೆಯುತ್ತಿದ್ದಾರೆ. ಪ್ರೆಸ್ ಮಷಿನ್‌ನ ಗಾರ್ಡ್, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ಕವಚ, ಕಳಚಿಡುವುದೂ ಇದೇ ಕಾರಣಕ್ಕೆ. ಗಾರ್ಡ್ ಇದ್ದರೆ ತಾಸಿಗೆ ಪೀಸ್ ಕಮ್ಮಿ ಬೀಳುತ್ತದೆ.

ಮಾಡಬೇಕಾದ್ದು ಹೀಗೆ:

ಒಣಗಿಸುವುದು, ಸ್ವಚ್ಛ ಮಾಡುವುದು, ರಿಪೇರಿಗೆ ಕಾಯುವುದು, ಈ ಸಮಯಕ್ಕೆಲ್ಲ ದಿನದ ಪಗಾರದ ದರದಲ್ಲಿ ದುಡ್ಡು ಕೊಡಿ. ಟನ್ ದರದ ಜೊತೆಗೆ ಇದು ಬೇರೆ ಸಾಲಿನಲ್ಲಿ ಬಟವಡೆ ಚೀಟಿಯಲ್ಲಿ ಕಾಣಬೇಕು.

"ಅಪಾಯ ಅನಿಸಿದರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು, ಪಗಾರ ಕಡಿತ ಇಲ್ಲ" ಅಂತ ಎಲ್ಲರ ಮುಂದೆ ಹೇಳಿ. ಹೇಳಿದರೆ ಸಾಲದು, ಮೊದಲ ಸಲ ಯಾರಾದರೂ ನಿಲ್ಲಿಸಿದಾಗ ನಿಮ್ಮ ಮುಖವನ್ನೇ ಎಲ್ಲರೂ ನೋಡುತ್ತಿರುತ್ತಾರೆ. "ಸಾವ್ಕಾರ್ರ, ಲ್ಯಾಡಲ್ ಇನ್ನಾ ಹಸಿ ಐತ್ರಿ" ಅಂತ ಹುಡುಗ ಬಂದು ಹೇಳಿದಾಗ, ಹೊರಗೆ ಲಾರಿ ನಿಂತಿದ್ದರೂ "ಛಲೋ ಮಾಡಿದಿ, ಕಾಯಿಸು" ಅನ್ನಬೇಕು. ಅವನು ಹೇಳಿದ್ದು ತಪ್ಪೇ ಆಗಿದ್ದರೂ ಸರಿ, ಆ ದಿನ ಬೈಯಬೇಡಿ.

"ಅಪಘಾತ ಇಲ್ಲದ ತಿಂಗಳಿಗೆ ಬೋನಸ್" ಅನ್ನುವ ಯೋಜನೆ ಬೇಡ. ಕೇಳಲು ಚೆಂದ. ಆದರೆ ಜನ ಗಾಯ ಮುಚ್ಚಿಡಲು ಕಲಿಯುತ್ತಾರೆ, ಅಷ್ಟೇ.

ಇನ್ನು ನಿದ್ದೆ. ನಮ್ಮ ಭಾಗದಲ್ಲಿ ಕಾರ್ಖಾನೆಗೆ ಬರುವ ಎಷ್ಟೋ ಜನ ಅರ್ಧ ರೈತರು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸಿ, ಬೆಳಿಗ್ಗೆ ಶಿಫ್ಟಿಗೆ ಬಂದಿರುತ್ತಾರೆ. ಗಣೇಶ ವಿಸರ್ಜನೆಯ ಮೆರವಣಿಗೆ ಬೆಳಗಾವಿಯಲ್ಲಿ ಮರುದಿನದವರೆಗೂ ನಡೆಯುತ್ತದೆ. ಅಂಥ ದಿನ ಮೆಲ್ಟಿಂಗ್ ಇಟ್ಟುಕೊಳ್ಳಬೇಡಿ. ಹಾಜರಿ ಹಾಕುವಾಗಲೇ "ರಾತ್ರಿ ನಿದ್ದಿ ಆತೇನು?" ಅಂತ ಕೇಳುವ ರೂಢಿ ಮಾಡಿ. ಇಲ್ಲ ಅಂದವರಿಗೆ ಆ ದಿನ ಪ್ಯಾಕಿಂಗೋ ಎಣಿಕೆಯೋ ಕೊಡಿ. ಡಬಲ್ ಶಿಫ್ಟ್ ಮಾಡಿಸಿ ಹೆಮ್ಮೆಪಡುವ ಸೂಪರ್‌ವೈಸರ್ ಇದ್ದರೆ ಅವರ ಜೊತೆ ಬೇರೆಯಾಗಿ ಮಾತಾಡಿ. ಓವರ್‌ಟೈಮಿಗೆ ಕಾನೂನಿನಂತೆ ಎರಡು ಪಟ್ಟು ಪಗಾರ. ಅದನ್ನು ನಿಜವಾಗಿ ಕೊಟ್ಟರೆ ಅನಗತ್ಯ ಓವರ್‌ಟೈಮ್ ತಾನಾಗಿ ಇಳಿಯುತ್ತದೆ.

4. ನಿಧಾನಕ್ಕೆ ಕೊಲ್ಲುವ ಮೂರು: ಧೂಳು, ಬಿಸಿ, ಸದ್ದು

ಉಸುಕಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಎದೆಯೊಳಗೆ ಕೂತು ಶ್ವಾಸಕೋಶವನ್ನು ಗಟ್ಟಿಯಾಗಿಸುತ್ತದೆ. ಈ ರೋಗದ ಹೆಸರು ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಾಗುವುದಿಲ್ಲ, ಟಿಬಿ ಅಂಟುವ ಸಾಧ್ಯತೆಯೂ ಹೆಚ್ಚು. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಇಳಕಲ್ ಕಡೆಯ ಗ್ರಾನೈಟ್ ಘಟಕಗಳಿಗೂ ಇದೇ ಮಾತು. ಒಣ ಕಸಬರಿಗೆ ನಿಲ್ಲಿಸಿ. ಕಂಪ್ರೆಸರ್ ಗಾಳಿಯಿಂದ ಬಟ್ಟೆ ಜಾಡಿಸುವುದನ್ನು ನಿಲ್ಲಿಸಿ. ಫೆಟ್ಲಿಂಗ್ ಜಾಗಕ್ಕೆ, ಅಂದರೆ ಎರಕದ ಅಂಚು ಕೆತ್ತಿ ತೆಗೆಯುವ ಕಡೆಗೆ, ಧೂಳು ಎಳೆಯುವ ಫ್ಯಾನ್ ಹಾಕಿಸಿ, ನೀರು ಚಿಮುಕಿಸಿ ಗುಡಿಸಿ. ಇಲ್ಲೊಂದು ಎಚ್ಚರಿಕೆ: ನೀರು ಚಿಮುಕಿಸುವುದು ಫೆಟ್ಲಿಂಗ್ ಕಡೆ ಮಾತ್ರ. ಅದೇ ಬಕೆಟ್ ಫರ್ನೇಸ್ ಕಡೆ ಹೋಗಬಾರದು. ನೆಲದ ಮೇಲೆ ಹಳದಿ ಗೆರೆ ಎಳೆದು "ಇದರಾಚೆ ನೀರಿಲ್ಲ" ಅಂತ ಬರೆಸಿ. ಆ ಹಳದಿ ಡಬ್ಬಿ ಇದಕ್ಕೇ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಿಲಿಕಾ ತಡೆಯುವುದಿಲ್ಲ, ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಬೇಕು. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮಾಡಿಸಿ, ಅದರ ಪ್ರತಿಯನ್ನು ಕೆಲಸಗಾರರಿಗೂ ಕೊಡಿ.

ಬಿಸಿಲಿಗೆ ಬಾಗಲಕೋಟೆ, ವಿಜಯಪುರದವರು ಹೆಚ್ಚು ಗಮನ ಕೊಡಬೇಕು. ಏಪ್ರಿಲ್-ಮೇನಲ್ಲಿ ಹೊರಗೇ 40 ಡಿಗ್ರಿ, ತಗಡಿನ ಶೆಡ್ಡಿನೊಳಗೆ ಇನ್ನೂ ಜಾಸ್ತಿ. ಬಾಯಾರಿದಾಗ ಕುಡಿಯುವುದಲ್ಲ, ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು. ಮಡಿಕೆ ಶೆಡ್ಡಿನ ಆಚೆ ತುದಿಯಲ್ಲಿದ್ದರೆ ಯಾರೂ ಹೋಗುವುದಿಲ್ಲ, ಕೆಲಸದ ಪಕ್ಕಕ್ಕೇ ತನ್ನಿ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಹೊಸಬರನ್ನು ಮೊದಲ ದಿನವೇ ಪೂರ್ತಿ ಪಾಳಿ ಬಿಸಿಗೆ ನಿಲ್ಲಿಸಬೇಡಿ, ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಬಿಸಿಯಲ್ಲಿ ನಿಂತವರು ತೊದಲಿದರೆ, ಅಸಂಬದ್ಧ ಮಾತಾಡಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಫೋನ್ ಮಾಡಿ.

ಸದ್ದಿನ ಲೆಕ್ಕ ಸುಲಭ. ಒಂದು ಮಾರು ದೂರದಲ್ಲಿರುವವರ ಜೊತೆ ಕೂಗಿ ಮಾತಾಡಬೇಕಾದರೆ ಕಿವಿಗೆ ಹಾನಿ ಆಗುತ್ತಿದೆ ಅಂತ ಅರ್ಥ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ಇದು ದಿನನಿತ್ಯದ ಮಾತು. ಇಯರ್ ಪ್ಲಗ್ ಕೊಡಿ, ಸಡಿಲವಾದ ಬೋಲ್ಟು ಬಿಗಿ ಮಾಡಿಸಿ, ಮಗ್ಗದ ಕೆಳಗೆ ರಬ್ಬರ್ ಹಾಕಿಸಿ.

5. ಈಗ ಹೆಲ್ಮೆಟ್, ಶೂ

ಐಎಸ್‌ಐ ಗುರುತು ಇರುವುದನ್ನೇ ಕೊಳ್ಳಿ. ಹೆಲ್ಮೆಟ್‌ಗೆ ಐಎಸ್ 2925, ಶೂಗೆ ಐಎಸ್ 15298. ಅಳತೆ ಕೇಳಿ ತನ್ನಿ; ಎಲ್ಲರಿಗೂ ಎಂಟು ನಂಬರ್ ತಂದು "ಹಾಕಲ್ಲ" ಅಂತ ದೂರುವುದು ಸರಿಯಲ್ಲ. ಲೋಹ ಎರೆಯುವವರಿಗೆ ಲೇಸ್ ಇಲ್ಲದ ಶೂ ಬೇಕು, ಒದರಿದರೆ ಕಳಚಿಬೀಳುವಂಥದ್ದು. ಪ್ಯಾಂಟ್ ಶೂ ಒಳಗಲ್ಲ, ಶೂ ಮೇಲೆ ಇಳಿಬಿಟ್ಟಿರಬೇಕು. ಟೆರಿಲಿನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಬಟ್ಟೆಯನ್ನೇ ನೀವೇ ಹೊಲಿಸಿ ಕೊಡಿ. ಇದರ ದುಡ್ಡನ್ನು ಪಗಾರದಲ್ಲಿ ಮುರಿಯಬೇಡಿ. ನೀವು ಶೆಡ್ಡಿಗೆ ಚಪ್ಪಲಿಯಲ್ಲಿ ಕಾಲಿಟ್ಟರೆ ಇದೆಲ್ಲ ವ್ಯರ್ಥ.

6. ಮಾತು, ಮನಸ್ಸು

ಶಿಫ್ಟ್ ಶುರುವಿಗೆ ಐದು ನಿಮಿಷ ಎಲ್ಲರೂ ನಿಂತು ಇವತ್ತಿನ ಒಂದೇ ಒಂದು ಅಪಾಯದ ಬಗ್ಗೆ ಮಾತಾಡಿ. ಕನ್ನಡ, ಮರಾಠಿ, ಹಿಂದಿ, ಯಾರಿಗೆ ಯಾವುದು ತಿಳಿಯುತ್ತದೋ ಅದರಲ್ಲಿ. "ತಿಳೀತಾ?" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. "ನೀನೇ ಮಾಡಿ ತೋರಿಸು" ಅನ್ನಿ.

ಕುಡಿತ, ಸಾಲ, ಮನೆಯ ಜಗಳ ಇವೂ ಗೇಟಿನ ಒಳಗೆ ಬರುತ್ತವೆ. ಮಾತು ಕಮ್ಮಿಯಾದವರು, ಊಟ ಬಿಟ್ಟವರು, ಪದೇ ಪದೇ ರಜೆ ಹಾಕುವವರು ಕಂಡರೆ ಬದಿಗೆ ಕರೆದು ಕೇಳಿ. ಉಪದೇಶ ಬೇಡ, ಅರ್ಧ ತಾಸು ಸುಮ್ನೆ ಕೇಳಿಸಿಕೊಳ್ಳಿ. ಕೇಳಿದ್ದನ್ನು ಚಹಾದಂಗಡಿಗೆ ಒಯ್ಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರನ್ನು ಹಾಜರಿ ಪುಸ್ತಕದ ಮೇಲೆ ಅಂಟಿಸಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸಾಯುವ ಮಾತಾಡಿದವರನ್ನು ಆ ದಿನ ಒಬ್ಬರನ್ನೇ ಬಿಡಬೇಡಿ.

10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಹಿಳೆಯರಿಗೆ ಬೇರೆ ಶೌಚಾಲಯ, ಒಳಗಿನಿಂದ ಚಿಲಕ, ನೀರು. ಇದಿಲ್ಲದೆ ಅವರು ದಿನವಿಡೀ ನೀರು ಕುಡಿಯದೆ ಇರುತ್ತಾರೆ.

7. ಆಗಿಯೇ ಹೋದರೆ

ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಅರಿಶಿಣ, ಶಾಯಿ ಹಚ್ಚಬೇಡಿ. ಅಂಟಿದ ಬಟ್ಟೆ ಕೀಳಬೇಡಿ. ಬೆರಳು ತುಂಡಾದರೆ ಅದನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಬೆರಳನ್ನೇ ಮಂಜುಗಡ್ಡೆಗೆ ಹಾಕಿದರೆ ಜೋಡಿಸಲು ಆಗುವುದಿಲ್ಲ. ಕಣ್ಣಿಗೆ ಕಿಡಿ ಬಿದ್ದರೆ ಗೆಳೆಯರು ಕರವಸ್ತ್ರದ ತುದಿಯಿಂದ ತೆಗೆಯುವ ಚಾಳಿ ಇದೆ. ಬೇಡವೇ ಬೇಡ, ನೇರ ಕಣ್ಣಿನ ವೈದ್ಯರ ಬಳಿ. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಆಫ್.

ಇಎಸ್‌ಐ ಬಗ್ಗೆ ಜಾಸ್ತಿ ಜನ ಎಡವುತ್ತಾರೆ. ತಿಂಗಳ ಪಗಾರ 21,000 ರೂಪಾಯಿವರೆಗಿನವರಿಗೆ ಇದು ಅನ್ವಯ. ಮಾಲೀಕರ ಪಾಲು ಶೇ. 3.25, ಕೆಲಸಗಾರರದು ಶೇ. 0.75. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಉಳಿದರೆ ಪಗಾರದ ಸುಮಾರು ಶೇ. 90ರಷ್ಟು ಸಿಗುತ್ತದೆ, ಸೇರಿದ ಮೊದಲ ದಿನವೇ ಗಾಯವಾದರೂ ಸಿಗುತ್ತದೆ. ಆದ್ದರಿಂದ "ಮೂರು ತಿಂಗಳು ನೋಡಿ ಹೆಸರು ಸೇರಿಸೋಣ" ಅನ್ನಬೇಡಿ. ಗೇಟ್ ಒಳಗೆ ಬಂದ ದಿನವೇ ನೋಂದಾಯಿಸಿ, ಗುತ್ತಿಗೆದಾರನ ಜನರನ್ನೂ ಸೇರಿಸಿ ನೋಡಿಕೊಳ್ಳಿ. ಗಾಯ ಕಾರ್ಖಾನೆಯಲ್ಲಿ ಆಗಿದ್ದನ್ನು "ಮನೆಯಲ್ಲಿ ಬಿದ್ದ" ಅಂತ ಬರೆಸಿದರೆ ಅವರ ಪರಿಹಾರವೂ ಹೋಯಿತು, ನಿಮ್ಮ ಮೇಲೆ ಕೇಸೂ ಬಂತು. ಸಾವಾದರೆ, ಇಲ್ಲವೇ 48 ತಾಸು ಅಥವಾ ಹೆಚ್ಚು ಕೆಲಸಕ್ಕೆ ಬರಲಾಗದಂಥ ಗಾಯವಾದರೆ, ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು.

ಆಸ್ಪತ್ರೆಯಿಂದ ಬಂದ ಮರುದಿನ ಅದೇ ಜಾಗಕ್ಕೆ ನೋಟ್‌ಬುಕ್ ಹಿಡಿದು ಹೋಗಿ. "ಯಾರ ತಪ್ಪು?" ಅನ್ನಬೇಡಿ. ಗಾರ್ಡ್ ಯಾಕೆ ಇರಲಿಲ್ಲ, ಅವತ್ತು ಅವಸರ ಯಾಕಿತ್ತು, ಆ ಲಾರಿಗೆ ಸಮಯ ಕೊಟ್ಟವರು ಯಾರು, ಹೀಗೆ ಹಿಂದಕ್ಕೆ ಹೋಗಿ. ಉತ್ತರ ಕೆಲವೊಮ್ಮೆ ನಿಮ್ಮ ಕ್ಯಾಬಿನ್‌ಗೇ ಬಂದು ನಿಲ್ಲುತ್ತದೆ, ಅದನ್ನೂ ಬರೆದಿಡಿ. ಗಾಯಗೊಂಡವರು ವಾಪಸ್ ಬಂದಾಗ ಮೊದಲ ಕೆಲ ವಾರ ಹಗುರ ಕೆಲಸ ಕೊಡಿ. ಅವರನ್ನು ಮತ್ತೆ ಅದೇ ಮಷಿನ್ ಮುಂದೆ ನಿಲ್ಲಿಸುವ ಮೊದಲು ಸರಿಮಾಡಿದ್ದನ್ನು ತೋರಿಸಿ, ಅವರ ಕೈಯಿಂದಲೇ ಪರೀಕ್ಷೆ ಮಾಡಿಸಿ.